ಬಿಚ್ಚಲೆಂದೇ ಮಾಡಿದ ತುಂಡುಗಳಿಂದ ಬಿಚ್ಚದ ರೋಬೋಟ್ ಕಟ್ಟುವುದು

ನೆಲದ ಮೇಲೆ ಟೇಪ್ ಅಂಟಿಸಿ ಮಾಡಿದ ಒಂದು ಚೌಕ. ಅದರೊಳಗೆ ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಆಟಿಕೆ ತುಂಡುಗಳಿಂದ ಕಟ್ಟಿದ ಎರಡು ಲೆಗೋ ರೋಬೋಟ್‌ಗಳು. ಆಡುವ ಇಬ್ಬರ ಕೈಯಲ್ಲೂ ಒಂದೊಂದು ರಿಮೋಟ್. ಶುರು ಅಂದ ಕೂಡಲೇ ಎರಡೂ ಮುಖಾಮುಖಿ ನುಗ್ಗುತ್ತವೆ. ಟಪ್ ಅಂತ ಒಂದು ಸದ್ದು. ಒಂದರ ಎಡಗಾಲಿ ಆಕ್ಸಲ್ ಸಮೇತ, ಅಂದರೆ ಅದನ್ನು ತಿರುಗಿಸುವ ಕಡ್ಡಿಯ ಸಮೇತ ಕಿತ್ತು ಬಂದು, ಚೌಕದ ಆಚೆಗೆ ಉರುಳಿಕೊಂಡು ಹೋಗುತ್ತದೆ. ಗಾಲಿ ಕಳೆದುಕೊಂಡ ರೋಬೋಟ್ ನಿಂತಲ್ಲೇ ಗರಗರ ಸುತ್ತುತ್ತದೆ. ಆಟ ಮುಗಿಯಿತು.

ನೋಡಿದವರೆಲ್ಲ ಗೆದ್ದ ರೋಬೋಟಿನ ಆಯುಧವನ್ನು ಹೊಗಳುತ್ತಾರೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ಸೋತ ರೋಬೋಟನ್ನು. ಆ ಆಕ್ಸಲ್‌ಗೆ ಒಂದೇ ಕಡೆ ಆಧಾರ ಇತ್ತಾ, ಎರಡೂ ಕಡೆ ಇತ್ತಾ ಅಂತ ನೋಡುತ್ತೇನೆ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಈ ಆಟದಲ್ಲಿ ಎದುರಾಳಿಯ ಆಯುಧ ಹೊಡೆಯುವುದು ನಿಮ್ಮ ಪ್ಲಾಸ್ಟಿಕ್ಕಿಗಲ್ಲ, ನಿಮ್ಮ ಜೋಡಣೆಗೆ. ತುಂಡು ಮುರಿಯುವುದು ಅಪರೂಪ. ತುಂಡುಗಳು ಬಿಟ್ಟುಕೊಳ್ಳುವುದು ಪ್ರತಿ ಸಲದ ಕಥೆ.

ರಿಮೋಟಿನಿಂದ ಓಡಿಸುವ ರೋಬೋಟ್‌ಗಳ ಕಾಳಗ ಹೊಸದೇನಲ್ಲ. ಜಪಾನಿನಲ್ಲಿ 1980ರ ದಶಕದ ಕೊನೆಗೆ ರೋಬೋ ಸುಮೋ ಹುಟ್ಟಿತು. ಅಲ್ಲಿ ಎದುರಾಳಿಯನ್ನು ವೃತ್ತದಿಂದ ಹೊರಗೆ ತಳ್ಳಿದರೆ ಗೆಲುವು. 1994ರಲ್ಲಿ ಮಾರ್ಕ್ ಥೋರ್ಪ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೋಬೋಟ್ ವಾರ್ಸ್ ಅನ್ನುವ ಸ್ಪರ್ಧೆ ನಡೆಸಿದರು. ಅಲ್ಲಿಂದ ಉಕ್ಕು, ಗರಗಸ, ಕಿಡಿಗಳ ದೊಡ್ಡ ಕಾಳಗ ಬೆಳೆಯಿತು. ಲೆಗೋ ಕಾಳಗ ಇದೇ ಮನೆತನದ ಚಿಕ್ಕ ಕೂಸು. ಆದರೆ ಇಲ್ಲಿ ಒಂದು ವಿಚಿತ್ರ ಇದೆ. ಉಕ್ಕಿನ ರೋಬೋಟಿಗೆ ಬೆಸುಗೆ ಹಾಕಬಹುದು, ನಟ್ಟು ಬೋಲ್ಟು ಬಿಗಿಯಬಹುದು. ಇಲ್ಲಿ ಅಂಟು ಹಾಕುವ ಹಾಗಿಲ್ಲ, ಕತ್ತರಿಸುವ ಹಾಗೂ ಇಲ್ಲ. ಮಗುವಿನ ಕೈಯಲ್ಲೂ ಸುಲಭವಾಗಿ ಬಿಚ್ಚಿಕೊಳ್ಳಲಿ ಅಂತ ಮಾಡಿದ ತುಂಡುಗಳಿಂದಲೇ ಬಿಚ್ಚದ ಯಂತ್ರ ಕಟ್ಟಬೇಕು. ನನಗೆ ಈ ಆಟದ ಹುಚ್ಚು ಹಿಡಿದದ್ದೇ ಇದರಿಂದ.

ಮೊದಲು ಆ ತುಂಡುಗಳು ಹೇಗೆ ಹಿಡಿದುಕೊಳ್ಳುತ್ತವೆ ಅಂತ ತಿಳಿಯಬೇಕು. ಮೇಲಿನ ಉಬ್ಬು, ಕೆಳಗಿನ ಕೊಳವೆ ಇರುವ ಇಟ್ಟಿಗೆಗೆ ಡೆನ್ಮಾರ್ಕಿನ ಲೆಗೋ ಕಂಪನಿ ಪೇಟೆಂಟ್ ಕೇಳಿದ್ದು 1958ರಲ್ಲಿ. ಉಬ್ಬು ಕೊಳವೆಗಿಂತ ಕೂದಲೆಳೆಯಷ್ಟು ಬಿಗಿ. ಒತ್ತಿದಾಗ ಎಬಿಎಸ್ ಪ್ಲಾಸ್ಟಿಕ್ ತುಸು ಬಾಗಿ ಜಾಗ ಕೊಡುತ್ತದೆ, ಮತ್ತೆ ಹಿಂದಕ್ಕೆ ಒತ್ತಿ ಹಿಡಿದುಕೊಳ್ಳುತ್ತದೆ. ಅಂದರೆ ಹಿಡಿತ ಪೂರ್ತಿ ಉಜ್ಜಾಟದ್ದು. ಪಕ್ಕಕ್ಕೆ ಎಳೆದರೆ ಇಟ್ಟಿಗೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಮೇಲಕ್ಕೆ ಎತ್ತಿದರೆ, ಅದರಲ್ಲೂ ಒಂದು ತುದಿಯಿಂದ ಎತ್ತಿದರೆ, ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಕಾಳಗದಲ್ಲಿ ಬೀಳುವ ಪೆಟ್ಟು ಬಹುಪಾಲು ಹೀಗೇ, ಕೆಳಗಿನಿಂದ ಮೇಲಕ್ಕೆ, ಒಂದು ಮೂಲೆಯಿಂದ.

ಇದಕ್ಕೆ ಮದ್ದು 1977ರಲ್ಲಿ ಬಂದ ಟೆಕ್ನಿಕ್ ತುಂಡುಗಳಲ್ಲಿದೆ. ಸಾಲಾಗಿ ತೂತು ಇರುವ ಬೀಮ್‌ಗಳು, ಅವುಗಳನ್ನು ಸೇರಿಸುವ ಪಿನ್‌ಗಳು, ಪ್ಲಸ್ ಆಕಾರದ ಆಕ್ಸಲ್‌ಗಳು. ಪಿನ್ ಕೂಡ ಉಜ್ಜಾಟದಲ್ಲೇ ನಿಲ್ಲುತ್ತದೆ. ಆದರೆ ಅದು ಬಿಟ್ಟುಕೊಳ್ಳುವುದು ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ. ಅಡ್ಡ ದಿಕ್ಕಿನ ಪೆಟ್ಟು ಬಿದ್ದರೆ ಪಿನ್ ಕತ್ತರಿಸಿ ಹೋಗಬೇಕೇ ಹೊರತು ಜಾರಿ ಬರುವುದಿಲ್ಲ. ಹಾಗಾಗಿ ರೋಬೋಟ್ ಕಟ್ಟುವ ಪ್ರತಿ ಹೆಜ್ಜೆಯಲ್ಲೂ ಕೇಳಿಕೊಳ್ಳಬೇಕಾದ್ದು ಒಂದೇ: ಇಲ್ಲಿಗೆ ಬಲ ಯಾವ ಕಡೆಯಿಂದ ಬರುತ್ತದೆ? ಪಿನ್ ಆ ದಿಕ್ಕಿಗೆ ಅಡ್ಡಲಾಗಿದೆಯೋ ಇಲ್ಲವೋ?

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಉಬ್ಬುಗಳಿರುವ ಹಳೇ ಬಗೆಯ ಬೀಮ್ ತಗೊಳ್ಳಿ. ಅದರ ಎತ್ತರ 9.6 ಮಿಲಿಮೀಟರ್. ತೆಳು ಪ್ಲೇಟಿನ ದಪ್ಪ 3.2. ತೂತಿನಿಂದ ತೂತಿಗೆ ಇರುವ ದೂರ 8. ಒಂದು ಬೀಮ್ ಮೇಲೆ ನೇರವಾಗಿ ಇನ್ನೊಂದು ಬೀಮ್ ಇಟ್ಟರೆ ಎರಡರ ತೂತುಗಳ ನಡುವೆ 9.6 ಮಿಲಿಮೀಟರ್ ಆಗುತ್ತದೆ. ಎಂಟಕ್ಕೆ ಹೊಂದುವುದಿಲ್ಲ, ಹಾಗಾಗಿ ನಿಲುವು ಬೀಮ್ ಹಾಕಿ ಬಿಗಿಯಲು ಆಗುವುದಿಲ್ಲ. ಈಗ ನಡುವೆ ಎರಡು ಪ್ಲೇಟ್ ಸೇರಿಸಿ. 9.6ಕ್ಕೆ 6.4 ಕೂಡಿದರೆ ಸರಿಯಾಗಿ 16. ಅಂದರೆ ಎರಡು ತೂತಿನ ದೂರ! ಮೂರು ತೂತಿನ ಬೀಮ್ ಒಂದನ್ನು ನಿಲ್ಲಿಸಿ, ಮೇಲೊಂದು ಕೆಳಗೊಂದು ಪಿನ್ ಹಾಕಿ. ಈಗ ಇಟ್ಟಿಗೆಗಳನ್ನು ಮೇಲಕ್ಕೆ ಎತ್ತಬೇಕಾದರೆ ಪಿನ್ ತುಂಡಾಗಬೇಕು. ಕೈಯಲ್ಲಿ ಎಳೆದು ನೋಡಿದರೆ ಆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಮೊದಲ ಸಲ ಇದನ್ನು ಕಂಡುಕೊಂಡಾಗ ನಾನು ಅರ್ಧ ಗಂಟೆ ಸುಮ್ನೆ ಎಳೆಯುತ್ತಾ ಕೂತಿದ್ದೆ.

ಇನ್ನೊಂದು ಕಾಯಿಲೆ, ಚೌಕಟ್ಟು ವಾಲುವುದು. ನಾಲ್ಕು ಬೀಮ್‌ಗಳಿಗೆ ಮೂಲೆಗೊಂದು ಪಿನ್ ಹಾಕಿ ಚೌಕ ಮಾಡಿದರೆ ಅದು ಒಂದು ಕಡೆಗೆ ವಾಲಿಕೊಳ್ಳುತ್ತದೆ. ಪಿನ್ ಸುತ್ತ ತುಂಡು ತಿರುಗಬಲ್ಲದು, ಅಲ್ವಾ? ಮರದ ಗೇಟಿಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುವುದನ್ನು ನೋಡಿರುತ್ತೀರಿ. ಅದೇ ಉಪಾಯ ಇಲ್ಲಿಗೂ ಬೇಕು. ತ್ರಿಕೋನ ವಾಲುವುದಿಲ್ಲ. 3, 4, 5ರ ಅಳತೆಯ ತ್ರಿಕೋನದಲ್ಲಿ ಒಂದು ಮೂಲೆ ಸರಿಯಾಗಿ 90 ಡಿಗ್ರಿ ಬರುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದನ್ನೇ ಬೀಮ್‌ನಲ್ಲಿ ಮಾಡಬಹುದು. ಆದರೆ ಎಣಿಸಬೇಕಾದ್ದು ತೂತುಗಳನ್ನಲ್ಲ, ತೂತುಗಳ ನಡುವಿನ ಹೆಜ್ಜೆಗಳನ್ನು. ಹಾಗಾಗಿ ಬೇಕಾಗುವುದು 4, 5 ಮತ್ತು 6 ತೂತುಗಳಷ್ಟು ಉದ್ದ. ಹೊಸಬರು ಇಲ್ಲಿ ಎಡವುತ್ತಾರೆ. ತೂತು ಎಣಿಸಿ ಕೂರಿಸಲು ಹೋಗುತ್ತಾರೆ, ಪಿನ್ ಕೂರುವುದಿಲ್ಲ, ಬಲವಂತವಾಗಿ ಒತ್ತುತ್ತಾರೆ, ಬೀಮ್ ಬಾಗಿ ನಿಲ್ಲುತ್ತದೆ. ಬಾಗಿದ ಬೀಮ್ ಮೊದಲ ಪೆಟ್ಟಿಗೇ ಪಿನ್ನನ್ನು ಹೊರಗೆ ತಳ್ಳುತ್ತದೆ.

ಗಾಲಿಯ ವಿಷಯಕ್ಕೆ ಬರೋಣ. ಆಕ್ಸಲ್‌ಗೆ ಒಂದೇ ಬೀಮ್‌ನ ಆಧಾರ ಕೊಟ್ಟು, ಹೊರಗೆ ಗಾಲಿ ನೇತುಹಾಕಿದರೆ, ರೋಬೋಟಿನ ತೂಕಕ್ಕೇ ಅದು ಬಾಗುತ್ತದೆ. ಪೆಟ್ಟು ಬಿದ್ದರೆ ಗಾಲಿಯೇ ಸನ್ನೆಗೋಲಾಗಿ ಆಕ್ಸಲನ್ನು ಕೀಳುತ್ತದೆ. ಗಾಲಿಯ ಎರಡೂ ಪಕ್ಕ ಬೀಮ್ ಇರಬೇಕು. ಹೊರಗಿನ ಬೀಮ್ ಗಾಲಿಗೆ ರಕ್ಷಾಕವಚವೂ ಆಗುತ್ತದೆ. ಜೊತೆಗೆ ಆಕ್ಸಲ್ ಉದ್ದಕ್ಕೆ ಜಾರದ ಹಾಗೆ ತುದಿಯಲ್ಲಿ ಬುಷ್, ಅಂದರೆ ಬಿಗಿಯಾಗಿ ಕೂರುವ ಸಣ್ಣ ಬಳೆ, ಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಕಡಾಣಿ ಇದ್ದ ಹಾಗೆ ಇದು. ಒಂದು ತುದಿಗೆ ತಲೆ ಇರುವ ಆಕ್ಸಲ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಆ ಕಡೆಗೆ ಅದು ಜಾರಲಾರದು.

ಇಷ್ಟು ಗಟ್ಟಿ ಮಾಡಿಕೊಂಡ ಮೇಲೆ ಮೋಟಾರಿನ ಮಾತು. 2007ರಲ್ಲಿ ಬಂದ ಲೆಗೋದ ಪವರ್ ಫಂಕ್ಷನ್ಸ್ ಸಾಲಿನ ಮೋಟಾರುಗಳು ಈ ಆಟದಲ್ಲಿ ಈಗಲೂ ಓಡುತ್ತವೆ. 9 ವೋಲ್ಟ್ ಕೊಟ್ಟು ಖಾಲಿ ತಿರುಗಿಸಿದರೆ ಎಂ ಮೋಟಾರ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗುತ್ತದೆ. ಎಕ್ಸ್‌ಎಲ್ ಮೋಟಾರ್ ಸುಮಾರು 220. ಆದರೆ ತಿರುಚುವ ಬಲದಲ್ಲಿ, ಅಂದರೆ ಟಾರ್ಕ್‌ನಲ್ಲಿ, ಎಕ್ಸ್‌ಎಲ್ ಮೂರೂವರೆ ಪಟ್ಟಿಗಿಂತ ಜಾಸ್ತಿ. ತಡೆದು ನಿಲ್ಲಿಸಿದಾಗ ಎಂ ಸುಮಾರು 11 ನ್ಯೂಟನ್ ಸೆಂಟಿಮೀಟರ್ ಕೊಟ್ಟರೆ, ಎಕ್ಸ್‌ಎಲ್ ಸುಮಾರು 40 ಕೊಡುತ್ತದೆ.

ಎಷ್ಟು ಟಾರ್ಕ್ ಸಾಕು? ಇದಕ್ಕೆ ನೆಲವೇ ಉತ್ತರ ಹೇಳುತ್ತದೆ. 1 ಕಿಲೋ ತೂಕದ ರೋಬೋಟ್, ಒಳ್ಳೆಯ ರಬ್ಬರ್ ಗಾಲಿ, ಹಿಡಿತ ಇರುವ ನೆಲ ಅಂದುಕೊಳ್ಳಿ. ಅದು ತನ್ನ ತೂಕದ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 8 ನ್ಯೂಟನ್ ಬಲದಲ್ಲಿ ತಳ್ಳಬಲ್ಲದು. ಅದಕ್ಕಿಂತ ಜಾಸ್ತಿ ಒತ್ತಿದರೆ ಗಾಲಿ ನಿಂತಲ್ಲೇ ಜಾರುತ್ತದೆ. 62 ಮಿಲಿಮೀಟರ್ ವ್ಯಾಸದ ಗಾಲಿಗೆ ನೇರವಾಗಿ ಎರಡು ಎಂ ಮೋಟಾರ್ ಹಾಕಿದರೆ ಒಟ್ಟು ಬಲ ಸುಮಾರು 7 ನ್ಯೂಟನ್. ಗಾಲಿ ಜಾರುವ ಮೊದಲೇ ಮೋಟಾರ್ ಉಸಿರುಗಟ್ಟಿ ನಿಲ್ಲುತ್ತದೆ. ನಿಂತ ಮೋಟಾರ್ ಬಿಸಿಯಾಗುತ್ತದೆ, ಬ್ಯಾಟರಿ ಹೀರುತ್ತದೆ. ಅದೇ ಗಾಲಿಗೆ ಎರಡು ಎಕ್ಸ್‌ಎಲ್ ಹಾಕಿದರೆ 25 ನ್ಯೂಟನ್ ದಾಟುತ್ತದೆ. ಮೋಟಾರಿಗೆ ಸುಸ್ತಾಗುವ ಮೊದಲು ಗಾಲಿ ಜಾರುತ್ತದೆ, ಮೋಟಾರ್ ಉಳಿಯುತ್ತದೆ. ಹೊಸದಾಗಿ ಕಟ್ಟುವವರಿಗೆ ನಾನು ಹೇಳುವುದು ಇದನ್ನೇ: ಎರಡು ಎಕ್ಸ್‌ಎಲ್, ಗೇರ್ ಇಲ್ಲದೆ ನೇರ ಗಾಲಿಗೆ. ವೇಗ ಸೆಕೆಂಡಿಗೆ ಮುಕ್ಕಾಲು ಮೀಟರಿನ ಆಸುಪಾಸು ಬರುತ್ತದೆ, ಅಷ್ಟು ಸಾಕು.

ಗೇರ್ ಹಾಕಲೇಬೇಕಾದರೆ ಒಂದು ಸುಲಭ ಲೆಕ್ಕ ಇದೆ. ಲೆಗೋ ಗೇರಿಗೆ ಎಷ್ಟು ಹಲ್ಲೋ, ಹಲ್ಲು ಕೂಡುವ ಜಾಗದಲ್ಲಿ ಅಷ್ಟೇ ಮಿಲಿಮೀಟರ್ ವ್ಯಾಸ. 8 ಹಲ್ಲಿನದಕ್ಕೆ ಅರ್ಧ ವ್ಯಾಸ 4, 24 ಹಲ್ಲಿನದಕ್ಕೆ 12. ಕೂಡಿದರೆ 16, ಎರಡು ತೂತಿನ ದೂರ, ಚೆನ್ನಾಗಿ ಕೂರುತ್ತದೆ. 8 ಹಲ್ಲಿನದು ಮೋಟಾರಿನ ಕಡೆ ಇದ್ದರೆ ವೇಗ ಮೂರನೇ ಒಂದಾಗುತ್ತದೆ, ಬಲ ಮೂರು ಪಟ್ಟಾಗುತ್ತದೆ. 8 ಮತ್ತು 40 ಹಲ್ಲಿನವುಗಳ ಅರ್ಧ ವ್ಯಾಸ ಸೇರಿದರೆ 24, ಮೂರು ತೂತು. ಆದರೆ 16 ಮತ್ತು 24 ಸೇರಿದರೆ 20, ಎರಡೂವರೆ ತೂತು. ನೇರ ಬೀಮ್‌ನಲ್ಲಿ ಅವು ಹೊಂದುವುದಿಲ್ಲ. ಭಾರ ಬಿದ್ದಾಗ ಎರಡು ಗೇರ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ. ಆಧಾರ ಸಡಿಲ ಇದ್ದರೆ ಕಟಕಟ ಅಂತ ಹಲ್ಲು ಹಾರುತ್ತದೆ. ಆ ಸದ್ದು ಕೇಳಿದರೆ ಗೇರ್ ಬದಲಾಯಿಸಬೇಡಿ, ಎರಡೂ ಆಕ್ಸಲ್‌ಗಳನ್ನು ಒಂದೇ ಬೀಮ್‌ನಲ್ಲಿ ಹಾಯಿಸಿ, ಗೇರಿನ ಎರಡೂ ಪಕ್ಕ ಹತ್ತಿರದಲ್ಲೇ ಹಿಡಿಯಿರಿ.

ಬ್ಯಾಟರಿ ಪೆಟ್ಟಿಗೆ ರೋಬೋಟಿನ ಅತಿ ಭಾರದ ಭಾಗ. ಆರು ಎಎ ಸೆಲ್‌ಗಳದ್ದೇ 140 ಗ್ರಾಂ ಹತ್ತಿರ ಇರುತ್ತದೆ. ಅದನ್ನು ತಳದಲ್ಲಿ, ಓಡಿಸುವ ಗಾಲಿಗಳ ಮೇಲೆ ಭಾರ ಬೀಳುವ ಹಾಗೆ ಕೂರಿಸಿ. ಮುಂಭಾಗದಲ್ಲಿ ಗಾಲಿಯ ಬದಲು ನೆಲದ ಮೇಲೆ ಜಾರುವ ತುಂಡಿದ್ದರೆ, ಅದರ ಮೇಲೆ ಬಿದ್ದ ಭಾರ ತಳ್ಳುವ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಸೆಲ್‌ಗಳಲ್ಲಿ 9 ವೋಲ್ಟ್ ಬರುತ್ತದೆ. ಚಾರ್ಜ್ ಮಾಡುವ ನಿಕೆಲ್ ಸೆಲ್‌ಗಳಲ್ಲಿ 7.2 ಮಾತ್ರ. ಆದರೆ ಭಾರ ಬಿದ್ದಾಗ ನಿಕೆಲ್ ಸೆಲ್‌ಗಳು ಕುಸಿಯುವುದು ಕಡಿಮೆ.

ಇನ್ನು ಎಲ್ಲರಿಗೂ ಇಷ್ಟವಾದ ಆಯುಧ. ನನ್ನ ಮಟ್ಟಿಗೆ ಮೊದಲ ಸ್ಥಾನ ಬೆಣೆಗೆ. ಬರೀ ಒಂದು ಇಳಿಜಾರು ಹಲಗೆ. ಅದು ಎದುರಾಳಿಯ ಅಡಿಗೆ ನುಗ್ಗಿದರೆ ಒಂದೇ ಏಟಿಗೆ ಎರಡು ಕೆಲಸ ಆಗುತ್ತದೆ. ಅವನ ಗಾಲಿ ನೆಲ ಬಿಡುತ್ತದೆ, ಅವನ ಭಾರದ ಒಂದು ಪಾಲು ನಿಮ್ಮ ಗಾಲಿಯ ಮೇಲೆ ಬೀಳುತ್ತದೆ. ಅವನ ಹಿಡಿತ ಇಳಿಯಿತು, ನಿಮ್ಮದು ಏರಿತು. ಆಮೇಲೆ ತಳ್ಳುವುದು ಹಸುವನ್ನು ಕೊಟ್ಟಿಗೆಗೆ ಹೊಡೆದಷ್ಟು ಸಲೀಸು. ಬೆಣೆಯ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದೇ ಎಲ್ಲ. ಬಿಗಿಯಾಗಿ ಕೂರಿಸಿದರೆ ಒಂದೆರಡು ಮಿಲಿಮೀಟರ್ ಸಂದಿ ಉಳಿದೇ ಉಳಿಯುತ್ತದೆ. ಮೇಲಿನ ಅಂಚಿಗೆ ಉಜ್ಜಾಟ ಇಲ್ಲದ ಬೂದು ಪಿನ್ ಹಾಕಿ ನೇತುಬಿಟ್ಟರೆ ಬೆಣೆ ತನ್ನ ಭಾರಕ್ಕೆ ತಾನೇ ನೆಲ ಸವರಿಕೊಂಡು ಹೋಗುತ್ತದೆ. ನೆಲದಲ್ಲಿ ಸಣ್ಣ ಏರುಪೇರು ಇದ್ದರೂ ಅಂಟಿಕೊಂಡಿರುತ್ತದೆ.

ಎತ್ತುವ ತೋಳು ಬೆಣೆಯ ಮುಂದಿನ ಹೆಜ್ಜೆ. ಇದಕ್ಕೆ ಸ್ಕ್ರೂ ಆಕಾರದ ವರ್ಮ್ ಗೇರ್ ಒಳ್ಳೆಯ ಜೊತೆ. ಅದು 24 ಹಲ್ಲಿನ ಗೇರಿಗೆ ಕೂಡಿದರೆ ವರ್ಮ್ 24 ಸುತ್ತು ತಿರುಗಿದಾಗ ಗೇರ್ ಒಂದು ಸುತ್ತು. ಬಲ ಬಹಳ ಜಾಸ್ತಿ. ಇನ್ನೊಂದು ಗುಣ, ಮೋಟಾರ್ ತೋಳನ್ನು ಎತ್ತಬಲ್ಲದು, ಆದರೆ ತೋಳಿನ ಮೇಲೆ ಬಿದ್ದ ಭಾರ ಮೋಟಾರನ್ನು ಹಿಂದಕ್ಕೆ ತಿರುಗಿಸಲಾರದು. ಎತ್ತಿದ ಎದುರಾಳಿ ಅಲ್ಲೇ ನೇತಾಡುತ್ತಾನೆ. ಅಪಾಯವೂ ಇಲ್ಲೇ ಇದೆ. ತೋಳು ತುದಿ ಮುಟ್ಟಿದ ಮೇಲೂ ಬಟನ್ ಒತ್ತಿ ಹಿಡಿದರೆ ಆ ಬಲವೆಲ್ಲ ನಿಮ್ಮದೇ ಆಕ್ಸಲ್ ತಿರುಚುತ್ತದೆ. ನನ್ನದೊಂದು ಆಕ್ಸಲ್ ಹೀಗೆ ತಿರುಚಿ ಜಿಲೇಬಿಯಂತೆ ಸುತ್ತಿಕೊಂಡಿತ್ತು. ಅದಕ್ಕೇ 24 ಹಲ್ಲಿನ ಬಿಳಿ ಕ್ಲಚ್ ಗೇರ್ ಇದೆ. ಅದರ ಮೇಲೆ ಬರೆದಿರುವ 2.5 ಮತ್ತು 5 ಅಂಕಿಗಳು ಅದು ಜಾರಿಕೊಳ್ಳುವ ಟಾರ್ಕಿನ ಮಿತಿ, ನ್ಯೂಟನ್ ಸೆಂಟಿಮೀಟರ್ ಲೆಕ್ಕದಲ್ಲಿ. ಅದನ್ನು ಮೋಟಾರಿನ ಬಳಿ, ವರ್ಮ್‌ಗಿಂತ ಮೊದಲು ಹಾಕಬೇಕು.

ಗಿರಗಿರ ತಿರುಗುವ ಆಯುಧ ನೋಡಲು ಅತಿ ಸೊಗಸು, ಮಾಡಲು ಅತಿ ಕಷ್ಟ. ಲೆಕ್ಕ ನೋಡಿ. 60 ಗ್ರಾಂ ತೂಕವನ್ನು 6 ಸೆಂಟಿಮೀಟರ್ ದೂರದ ಅಂಚಿನಲ್ಲಿ ಇಟ್ಟು ನಿಮಿಷಕ್ಕೆ 1200 ಸುತ್ತು ತಿರುಗಿಸಿದರೆ ಅದರಲ್ಲಿ ಸುಮಾರು 1.7 ಜೂಲ್ ಶಕ್ತಿ ಇರುತ್ತದೆ. 1 ಕಿಲೋ ರೋಬೋಟ್ ಸೆಕೆಂಡಿಗೆ 0.7 ಮೀಟರ್ ವೇಗದಲ್ಲಿ ಬಂದು ಗುದ್ದಿದರೆ ಅದರ ಶಕ್ತಿ 0.25 ಜೂಲ್ ಕೂಡ ಇಲ್ಲ. ಅಂಗೈಯಗಲದ ಆಯುಧದಲ್ಲಿ ಇಡೀ ರೋಬೋಟಿನ ಗುದ್ದಿನ ಸುಮಾರು ಏಳು ಪಟ್ಟು! ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ತೂಕವನ್ನು ಅಂಚಿಗೆ ಹಾಕಿ, ವೇಗ ಏರಿಸಲು ಎಲ್ಲರೂ ಒದ್ದಾಡುವುದು. ಎಂ ಮೋಟಾರಿಗೆ 24ರಿಂದ 8ಕ್ಕೆ ಗೇರ್ ಕೊಟ್ಟರೆ ಕಾಗದದ ಮೇಲೆ ಈ 1200 ಬರುತ್ತದೆ, ಉಜ್ಜಾಟ ಕಳೆದರೆ ಅದಕ್ಕಿಂತ ಕಡಿಮೆ.

ಆದರೆ ವೇಗ ಜಾಸ್ತಿ ಆದಷ್ಟೂ ಹಲ್ಲು ಕಚ್ಚುವುದು ಕಡಿಮೆಯಾಗುತ್ತದೆ. 1200 ಸುತ್ತು ಅಂದರೆ ಸೆಕೆಂಡಿಗೆ 20. ಆಯುಧಕ್ಕೆ ಎರಡು ಹಲ್ಲಿದ್ದರೆ ಸೆಕೆಂಡಿಗೆ 40 ಸಲ ಹಲ್ಲು ಹಾಯುತ್ತದೆ. ನೀವಿಬ್ಬರೂ ಸೆಕೆಂಡಿಗೆ ಅರ್ಧ ಮೀಟರಿನಂತೆ ಹತ್ತಿರವಾಗುತ್ತಿದ್ದರೆ, ಎರಡು ಹಲ್ಲಿನ ನಡುವೆ ಎದುರಾಳಿ ಒಳಗೆ ಬರುವುದು 12.5 ಮಿಲಿಮೀಟರ್. ಹಲ್ಲಿಗೆ ಸಿಗುವುದು ಅಷ್ಟೇ. ನಾಲ್ಕು ಹಲ್ಲು ಮಾಡಿದರೆ 6 ಚಿಲ್ಲರೆ. ಆಗ ಆಯುಧ ಕಚ್ಚುವುದಿಲ್ಲ, ಬರೀ ಸವರುತ್ತದೆ, ಟರ್ರ್ ಅಂತ ಸದ್ದು ಮಾಡುತ್ತದೆ. ಒಂದೇ ಹಲ್ಲು ಮಾಡಿ, ಎದುರು ಬದಿಗೆ ಅದೇ ತೂಕವನ್ನು ಚೂಪಿಲ್ಲದ ಹಾಗೆ ಕೂರಿಸಿದರೆ 25 ಮಿಲಿಮೀಟರ್ ಕಚ್ಚುತ್ತದೆ. ಹಲ್ಲು ಜಾಸ್ತಿ ಇದ್ದರೆ ಆಯುಧ ಜೋರು ಅನ್ನುವುದು ಕಣ್ಣಿಗೆ ಆಗುವ ಮೋಸ.

ಇಷ್ಟಾದರೂ ಕೊಟ್ಟ ಪೆಟ್ಟು ಅಷ್ಟೇ ಬಲದಲ್ಲಿ ನಿಮಗೂ ವಾಪಸ್ ಬರುತ್ತದೆ. ನನ್ನ ಮೊದಲ ತಿರುಗುವ ಆಯುಧ ಎದುರಾಳಿಯ ಬೆಣೆಗೆ ತಗುಲಿದ ಕೂಡಲೇ ತನ್ನ ಚೌಕಟ್ಟಿನಿಂದ ತಾನೇ ಕಿತ್ತುಕೊಂಡು ಹೋಯಿತು. ಬೆಣೆಗೆ ಏನೂ ಆಗಿರಲಿಲ್ಲ. ಆಯುಧದ ಆಕ್ಸಲನ್ನು ಹಿಡಿದಿದ್ದ ಪಿನ್‌ಗಳೆಲ್ಲ ಒಂದೇ ದಿಕ್ಕಿಗಿದ್ದವು, ಪೆಟ್ಟು ಬಂದದ್ದೂ ಅದೇ ದಿಕ್ಕಿಗೆ. ಎರಡನೇ ಸಲ ಅದೇ ಆಯುಧ ಇಟ್ಟುಕೊಂಡು, ಪಿನ್ ದಿಕ್ಕಿಗೆ ಅಡ್ಡಲಾಗಿ ಎರಡು ಬೀಮ್ ಬಿಗಿದೆ, ಅಷ್ಟೇ. ಆ ಸಲ ಬಿದ್ದದ್ದು ಎದುರಾಳಿಯ ಪಕ್ಕದ ಕವಚ.

ರಿಮೋಟಿನ ಬಗ್ಗೆ ಸ್ವಲ್ಪ. ಪವರ್ ಫಂಕ್ಷನ್ಸ್ ರಿಮೋಟ್ ಓಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಕಣ್ಣಳತೆಯಲ್ಲಿ ಅಡ್ಡ ಏನೂ ಇರಬಾರದು, ಜೋರು ಬಿಸಿಲಿದ್ದರೆ ತಡವರಿಸುತ್ತದೆ. ರಿಸೀವರನ್ನು ರೋಬೋಟಿನ ನೆತ್ತಿಯ ಮೇಲೆ ಇಡಬೇಕು. ಒಟ್ಟು ನಾಲ್ಕು ಚಾನೆಲ್, ಒಂದೊಂದರಲ್ಲಿ ಎರಡು ಮೋಟಾರ್. ಎರಡೂ ಗಾಲಿಗೇ ಖರ್ಚಾಗುವುದರಿಂದ ಆಯುಧಕ್ಕೆ ಇನ್ನೊಂದು ಚಾನೆಲ್ ಬೇಕು. ಹಾಗಾಗಿ ಆಯುಧ ಇರುವ ಎರಡು ರೋಬೋಟ್ ಇಳಿದರೆ ನಾಲ್ಕೂ ಚಾನೆಲ್ ಮುಗಿಯಿತು. ಆಮೇಲೆ ಬಂದ ಪವರ್ಡ್ ಅಪ್ ಸಾಲು ಬ್ಲೂಟೂತ್‌ನಲ್ಲಿ ಓಡುತ್ತದೆ, ಈ ತಾಪತ್ರಯ ಇಲ್ಲ. ಅದರ ಟೆಕ್ನಿಕ್ ಹಬ್‌ನಲ್ಲಿ ನಾಲ್ಕು ಮೋಟಾರ್ ಜೋಡಿಸಬಹುದು. ಫೋನಿನ ಗಾಜಿನ ಮೇಲೆ ಬೆರಳಾಡಿಸಿ ಓಡಿಸುವುದಕ್ಕಿಂತ ಕೈಗೆ ಸಿಗುವ ಬಟನ್ ಇರುವ ರಿಮೋಟ್ ನನಗೆ ಇಷ್ಟ. ಕಣ್ಣು ರೋಬೋಟಿನ ಮೇಲೇ ಇರುತ್ತದೆ.

ನಿಯಮಗಳನ್ನು ಆಡುವವರೇ ಕೂತು ಮಾಡಿಕೊಳ್ಳಬಹುದು. ತೂಕಕ್ಕೆ ಒಂದು ಮಿತಿ, ಅಂಟು ಇಲ್ಲ, ಲೋಹ ಇಲ್ಲ, ದಾರ ಬಲೆ ಸುತ್ತುವಂತಿಲ್ಲ, ಹತ್ತು ಎಣಿಸುವಷ್ಟರಲ್ಲಿ ಕದಲದಿದ್ದರೆ ಸೋಲು. ತಿರುಗುವ ಆಯುಧ ಇದ್ದರೆ ಎಲ್ಲರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಲೇಬೇಕು, ಸುತ್ತ ಪಾರದರ್ಶಕ ಹಲಗೆ ನಿಲ್ಲಿಸಬೇಕು. ಹಾರಿದ ಪಿನ್ ಸಣ್ಣದು, ಕಣ್ಣು ಅದಕ್ಕಿಂತ ಮೆತ್ತಗೆ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪ್ರತಿ ಕಾಳಗದ ನಂತರ ಗಾಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಧೂಳು ಕೂತ ರಬ್ಬರ್ ಹಿಡಿತ ಕಳೆದುಕೊಂಡಿರುತ್ತದೆ. ಆಮೇಲೆ ರೋಬೋಟನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ. ಉಳಿದೆಲ್ಲ ಪಿನ್‌ಗಳೂ ಬೀಮ್‌ನ ಮಟ್ಟಕ್ಕೆ ಇದ್ದರೂ ಒಂದೋ ಎರಡೋ ಒಂದು ಮಿಲಿಮೀಟರ್ ಹೊರಗೆ ಬಂದಿರುತ್ತವೆ. ಅವನ್ನು ಒಳಗೆ ಒತ್ತಿಬಿಡುವ ಮೊದಲು ಪೆನ್ನಿನಿಂದ ಒಂದು ಚುಕ್ಕೆ ಇಡಿ. ಮುಂದಿನ ಆಟದ ನಂತರವೂ ಅದೇ ಚುಕ್ಕೆಯ ಪಿನ್ ಹೊರಗೆ ಬಂದಿದ್ದರೆ, ಅಡ್ಡ ಬೀಮ್ ಬೇಕಾದದ್ದು ಅಲ್ಲೇ.